ಸಣ್ಣ ಗೈಡ್‌ಗಳ ಕಾಲು ಉಜ್ಜಲೇಬೇಕಾ? (7 ಅಡಿ ಸ್ಪಿನ್ನಿಂಗ್ ರಾಡ್, 4 ನಂಬರ್ ರಿಂಗ್)

ಹಿನ್ನೀರ್ ಹೈದ
ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆಯವನು. ಇಷ್ಟು ದಿನ ಅಂಗಡಿ ರಾಡ್‌ನಲ್ಲೇ ಕಾಲ ಹಾಕಿದ್ದೆ, ಈಗ ಮೊದಲ ಸಲ ನಾನೇ ಒಂದು ಕಟ್ಟೋಕೆ ಹೊರಟಿದ್ದೀನಿ. ಬ್ಲ್ಯಾಂಕ್, ಅಂದ್ರೆ ಏನೂ ಜೋಡಿಸದ ಬರೀ ಕೋಲು, 7 ಅಡಿ ಕಾರ್ಬನ್, ಮೀಡಿಯಂ ಲೈಟ್. 2500 ಸೈಜಿನ ಸ್ಪಿನ್ನಿಂಗ್ ರೀಲ್, 15 ಪೌಂಡ್ ಬ್ರೇಡ್ (ಹೆಣೆದ ಲೈನ್). ಕನ್ನಂಬಾಡಿ ಹಿನ್ನೀರಲ್ಲಿ ಸಣ್ಣ ಸ್ಪಿನ್ನರ್ (ನೀರಲ್ಲಿ ತಿರುಗೋ ಕೃತಕ ಆಮಿಷ) ಎಸೆಯೋಕೆ. ಜಿಲೇಬಿ ಮೀನು, ಗೆಂಡೆ, ಅದೃಷ್ಟ ಇದ್ರೆ ಒಂದು ಕೊರವ.

ಗೈಡ್‌ಗಳು, ಅಂದ್ರೆ ಲೈನ್ ಹಾಯೋ ರಿಂಗ್‌ಗಳು, ರೀಲ್ ಕಡೆಯಿಂದ 20, 10, 5.5, ಆಮೇಲೆ ಆರು 4 ನಂಬರ್, ಕೊನೆಗೆ ಟಿಪ್ ಟಾಪ್ (ರಾಡ್ ತುದಿಗೆ ಕೂರೋ ಗೈಡ್). ಕಾಲು ಅಂದ್ರೆ ದಾರ ಸುತ್ತಿ ಬ್ಲ್ಯಾಂಕಿಗೆ ಕಟ್ಟೋ ಭಾಗ. ಮೊದಲ ಎರಡಕ್ಕೆ ಎರಡು ಕಾಲು, ಉಳಿದವು ಒಂಟಿ ಕಾಲಿನವು. ಸ್ಟೇನ್‌ಲೆಸ್ ಸ್ಟೀಲ್, ಮೇಲೆ ಕಪ್ಪು ಕೋಟಿಂಗ್.

ಡೌಟ್ ಏನಂದ್ರೆ, ರಾಡ್ ಕಟ್ಟೋರು ಪ್ರತಿ ಗೈಡಿನ ಕಾಲಿಗೂ ಅರ ಹಾಕಿ ತುದಿ ತೆಳ್ಳಗೆ ಮಾಡ್ತಾರೆ. ಹೊಸದಾಗಿ ಕವರ್‌ನಿಂದ ತೆಗೆದಿದ್ದಕ್ಕೂ ಇದು ಬೇಕಾ? ಬೇಕು ಅಂದ್ರೆ, ಇಷ್ಟು ಚಿಕ್ಕದನ್ನ ಹಿಡಿಯೋದು ಹೇಗೆ? ಬೆರಳಲ್ಲಿ ಹಿಡಿದ್ರೆ ಗೈಡಿಗಿಂತ ಮೊದಲು ನನ್ನ ಉಗುರೇ ಸವೆದು ಹೋಗುತ್ತೆ.

ಪೇಟೆಬೀದಿ
ಬೇಡ ಗುರು. ಈಗ ಬರೋ ಒಳ್ಳೆ ಗೈಡ್‌ಗಳ ಕಾಲನ್ನ ಕಾರ್ಖಾನೆಯಲ್ಲೇ ಇಳಿಜಾರು ಮಾಡಿ ಕಳಿಸ್ತಾರೆ. ಸುಮ್ನೆ ದಾರ ಸುತ್ತು, ಎಪಾಕ್ಸಿ ಅಂಟು ಹಚ್ಚು, ನೀರಿಗೆ ಹೋಗು. ಉಜ್ಜಿದ್ರೆ ಕೋಟಿಂಗ್ ಕಿತ್ತು ತುಕ್ಕು ಹಿಡಿಯುತ್ತೆ, ಅದೊಂದೇ ಲಾಭ.

ಕಬಿನಿ ಗಾಳ
ಪೇಟೆಬೀದಿ ಹೇಳಿದ್ದು ಅರ್ಧ ನಿಜ. ಇಳಿಜಾರು ಮಾಡಿರ್ತಾರೆ. ಆದ್ರೆ ಆಮೇಲೆ ಕೋಟಿಂಗ್ ಮಾಡ್ತಾರಲ್ಲ, ಅದು ತುದಿಯಲ್ಲಿ ಗಂಟು ಕಟ್ಟಿರುತ್ತೆ. ಒಂದೇ ಕವರ್‌ನಲ್ಲಿರೋ ಆರು ಗೈಡ್‌ಗಳಲ್ಲಿ ಮೂರು ಸರಿ ಇರಬಹುದು, ಮೂರು ಇಲ್ಲದೆ ಇರಬಹುದು. ಆದ್ದರಿಂದ "ಉಜ್ಜಬೇಕಾ" ಅಂತ ಕೇಳೋಕೆ ಮುಂಚೆ ಒಂದೊಂದನ್ನೂ ನೋಡು.

ನೋಡೋಕೆ ಭೂತಗನ್ನಡಿಯೂ ಬೇಕಾಗಿಲ್ಲ. ಸ್ವಲ್ಪ ಹತ್ತಿ ತಗೊಂಡು ಕಾಲಿನ ತುದಿಯನ್ನ ಅದರ ಮೇಲೆ ಎಳಿ. ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಮುಳ್ಳು ಇದೆ ಅಂತ. ಮೇಲ್ಭಾಗ, ಅಡಿಭಾಗ, ಎರಡು ಪಕ್ಕ, ನಾಲ್ಕು ಕಡೆಯೂ ಎಳಿ. ಆಮೇಲೆ ಗಾಜಿನ ಮೇಲೆ ಕಾಲು ಇಟ್ಟು ಬೆರಳಲ್ಲಿ ಮೆಲ್ಲಗೆ ಒತ್ತು. ಅಲ್ಲಾಡಿದ್ರೆ ಕಾಲು ಬಾಗಿದೆ.

ಅಡಿಭಾಗದ ಮುಳ್ಳು ಎಲ್ಲಕ್ಕಿಂತ ಕೆಟ್ಟದ್ದು. ದಾರದ ಬಿಗಿತ ಅದನ್ನ ಬ್ಲ್ಯಾಂಕಿಗೆ ಒತ್ತಿ ಹಿಡಿದಿರುತ್ತೆ, ರಾಡ್ ಬಾಗಿದಾಗೆಲ್ಲ ಕಾರ್ಬನ್ ಎಳೆಗಳನ್ನ ಗೀರ್ತಾನೇ ಇರುತ್ತೆ. ತುದಿಯ ಹತ್ತಿರ ಬ್ಲ್ಯಾಂಕ್ ಗೋಡೆ ಮೊದಲೇ ತೆಳು. ದೊಡ್ಡ ಮೀನು ಎಳೆದಾಗ ಸರಿಯಾಗಿ ಗೈಡಿನ ಕಾಲು ಮುಗಿಯೋ ಜಾಗದಲ್ಲಿ ಮುರಿದ ರಾಡ್‌ಗಳನ್ನ ನೋಡಿದ್ರೆ ನಾನು ಮೊದಲು ಅನುಮಾನ ಪಡೋದು ಇದನ್ನೇ.

ಮೇಲ್ಭಾಗ ಮೊಂಡಾಗಿದ್ರೆ ಬೇರೆ ತೊಂದರೆ. ಬ್ಲ್ಯಾಂಕ್ ಮೇಲಿಂದ ಸುತ್ತಿಕೊಂಡು ಬರೋ ದಾರ ಕಾಲು ಹತ್ತೋ ಜಾಗದಲ್ಲಿ ಮೆಟ್ಟಿಲು ಎಡವಿದ ಹಾಗೆ ಎಡವುತ್ತೆ. ಎರಡು ಸುತ್ತಿನ ಮಧ್ಯೆ ಸಂದು ಬಿಡುತ್ತೆ, ಸಂದಲ್ಲಿ ಗಾಳಿ ಉಳಿಯುತ್ತೆ, ಎಪಾಕ್ಸಿ ಹಚ್ಚಿದ ಮೇಲೆ ಅಲ್ಲೇ ಗುಳ್ಳೆ ಏಳುತ್ತೆ. ದೊಡ್ಡ ಗೈಡ್‌ನಲ್ಲಿ ದಪ್ಪ ದಾರ, ಉದ್ದ ಸುತ್ತು, ಹೇಗೋ ಸುಧಾರಿಸಿಕೊಳ್ಳುತ್ತೆ. 4 ನಂಬರ್‌ನ ಕಾಲೇ ಗೇಣುದ್ದ ಇರಲ್ವಲ್ಲ ಸ್ವಾಮಿ, ಕೆಲವೇ ಮಿಲಿಮೀಟರ್. ಅದರಲ್ಲಿ ಸಂದಿಗೆ ಒಂದು ಪಾಲು ಹೋದ್ರೆ ಹಿಡಿತಕ್ಕೆ ಉಳಿಯೋದೆಷ್ಟು?

ಪೇಟೆಬೀದಿ
ತುಕ್ಕಿನ ಮಾತಿಗೆ ಉತ್ತರ ಬರ್ಲಿಲ್ಲ.

ಕಬಿನಿ ಗಾಳ
ಬಂತು ನೋಡು. ಉಜ್ಜಿದ ಜಾಗ ಪೂರ್ತಿ ದಾರದ ಅಡಿಗೆ, ಎಪಾಕ್ಸಿಯ ಒಳಗೆ ಹೋಗುತ್ತೆ. ನೀರು, ಗಾಳಿ ತಾಗದಿದ್ರೆ ತುಕ್ಕು ಎಲ್ಲಿಂದ? ದಾರದ ಹೊರಗೆ ಉಳಿಯೋ ಭಾಗಕ್ಕೆ, ಅಂದ್ರೆ ರಿಂಗಿನ ಕುತ್ತಿಗೆಗೆ ಅರ ಮುಟ್ಟಿಸಬಾರದು, ಅದು ನಿಯಮ. ಟೈಟಾನಿಯಂ ಫ್ರೇಮ್ ಆದ್ರೆ ಈ ಚರ್ಚೆಯೇ ಬೇಡ, ಜೇಬು ಗಟ್ಟಿ ಇರಬೇಕು ಅಷ್ಟೇ.

ಉಜ್ಜಿದ ಬೆಳ್ಳಿ ಹೊಳಪು ತಿಳಿ ಬಣ್ಣದ ದಾರದ ಅಡಿಯಿಂದ ಕಾಣುತ್ತೆ. ಮೊದಲು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಕಪ್ಪು ಪರ್ಮನೆಂಟ್ ಮಾರ್ಕರ್‌ನಲ್ಲಿ ಒಂದು ಸಲ ತೀಡು. ಮಾರ್ಕರ್ ಹಚ್ಚಿದ ಮೇಲೆ ಸ್ಪಿರಿಟ್ ತಾಗಿಸಬೇಡ, ಮಸಿ ಕದಡಿ ದಾರಕ್ಕೆ ಹತ್ತುತ್ತೆ.

ಅರಗು ಮತ್ತು ಅರ
ಹೈದ, ಹಿಡಿಯೋದು ಹೇಗೆ ಅಂದ್ರಲ್ಲ, ಅದಕ್ಕೆ ನಾನು ಹೇಳ್ತೀನಿ. ನಮ್ಮದು ಅಕ್ಕಸಾಲಿ ಮನೆ, ಮೈಸೂರು. ಮೀನು ಹಿಡಿಯೋದು ಭಾನುವಾರದ ಹುಚ್ಚು.

ಚಿಮಟದಲ್ಲಿ ಹಿಡಿದು ಉಜ್ಜೋಕೆ ಹೋಗಬೇಡಿ. ಜಾರಿ ಹಾರಿದ್ರೆ ಸಿಗೋದು ಮುಂದಿನ ದೀಪಾವಳಿಗೆ ಮನೆ ಗುಡಿಸಿದಾಗ. ಮೂಗುತಿಯಂಥ ಸಣ್ಣ ಒಡವೆಗೆ ನಾವು ಮಾಡೋದನ್ನೇ ಮಾಡಿ. ಪೆನ್ಸಿಲ್ ಉದ್ದದ ಮರದ ಕಡ್ಡಿ ತುದಿಗೆ ಅರಗು ಹಾಕಿ. ಅರಗನ್ನ ದೀಪಕ್ಕೆ ಹಿಡಿದು ಮೆತ್ತಗಾದ ಮೇಲೆ ಗೈಡಿನ ರಿಂಗ್ ಇರೋ ಭಾಗವನ್ನ ಅದರೊಳಗೆ ಒತ್ತಿ, ಕಾಲು ಮಾತ್ರ ಹೊರಗಿರಲಿ. ಗೈಡಿಗೆ ನೇರವಾಗಿ ಉರಿ ತೋರಿಸಬಾರದು, ಬಿಸಿ ಮಾಡೋದು ಅರಗನ್ನ ಮಾತ್ರ. ಆರಿದ ಮೇಲೆ ಕಲ್ಲಿನ ಹಾಗೆ ಹಿಡಿದಿರುತ್ತೆ. ಕೆಲಸ ಮುಗಿದ ಮೇಲೆ ಕಡ್ಡಿ ಸಮೇತ ಫ್ರಿಜ್‌ನಲ್ಲಿಟ್ರೆ ಅರಗು ಗಡುಸಾಗುತ್ತೆ, ಒಂದು ಸಣ್ಣ ಏಟಿಗೆ ಬಿಡುತ್ತೆ. ಅಂಟಿ ಉಳಿದಿದ್ದು ಸ್ಪಿರಿಟ್‌ನಲ್ಲಿ ಕರಗುತ್ತೆ.

ಅರದ ವಿಷಯ. ದೊಡ್ಡ ಅರ ಬೇಡ, ಸೂಜಿ ಅರ ಸಾಕು, ಚಪ್ಪಟೆಯದು, ನಯವಾದ ಹಲ್ಲಿನದು. ಅಶೋಕ ರಸ್ತೆ ಕಡೆ ಒಡವೆ ಕೆಲಸದ ಸಾಮಾನು ಮಾರೋರ ಹತ್ತಿರ ಕೇಳಿ. ಉಜ್ಜೋದು ಕಾಲಿನ ಉದ್ದಕ್ಕೆ, ರಿಂಗ್ ಕಡೆಯಿಂದ ತುದಿ ಕಡೆಗೆ, ಒಂದೇ ದಿಕ್ಕು. ಅಡ್ಡ ಉಜ್ಜಿದ್ರೆ ಅಡ್ಡ ಗೀರು ಉಳಿಯುತ್ತೆ, ದಾರ ಅದರಲ್ಲಿ ಸಿಕ್ಕಿ ಎಳೆ ಬಿಡುತ್ತೆ. ತುದಿಯ ಮೂರನೇ ಒಂದು ಭಾಗ ಮಾತ್ರ ಇಳಿಸಿ. ಆಮೇಲೆ 400ರ ವಾಟರ್ ಪೇಪರ್, ಅದಾದ ಮೇಲೆ 600.

ಈಗಿನ ಹುಡುಗರು ಬ್ಲೇಡಿನ ಹಾಗೆ ಚೂಪು ಮಾಡ್ತಾರೆ, ನೋಡೋಕೆ ಚೆನ್ನ. ಅಷ್ಟು ಚೂಪಾದ್ರೆ ಅದು ದಾರವನ್ನೇ ಕೊಯ್ಯುತ್ತೆ, ಒತ್ತಿದ್ರೆ ಮೇಲಕ್ಕೆ ಸುರುಳಿ ಏಳುತ್ತೆ. ಉಗುರಿಗೆ ತಾಗಿಯೂ ತಾಗದ ಹಾಗೆ ಒಂಚೂರು ದಪ್ಪ ಉಳಿಸಿ, ಅಂಚು ದುಂಡಗೆ ಮಾಡಿ. ಇಷ್ಟೇ ಕೆಲಸ.

ಹಿನ್ನೀರ್ ಹೈದ
ಅರಗು! ನಮ್ಮಜ್ಜಿ ಮನೇಲಿ ಕುಡುಗೋಲು ಹಿಡಿಗೆ ಹಾಕ್ತಿದ್ರು, ಮರೆತೇ ಹೋಗಿತ್ತು. ಅಣ್ಣ, ಕೈಯಲ್ಲಿ ಹಿಡಿಯೋ ಸಣ್ಣ ಗ್ರೈಂಡರ್ ಇದೆ, ಅದರಲ್ಲಿ ಮಾಡಿದ್ರೆ ಬೇಗ ಆಗಲ್ವಾ?

ಅರಗು ಮತ್ತು ಅರ
ಬೇಗ ಆಗುತ್ತೆ, ಬೇಗ ಕೆಡುತ್ತೆ. ಇಷ್ಟು ಸಣ್ಣ ಲೋಹಕ್ಕೆ ಬಿಸಿ ಹೋಗೋಕೆ ಜಾಗ ಇಲ್ಲ, ನೇರ ರಿಂಗಿಗೆ ಹತ್ತುತ್ತೆ. ಒಳಗಿನ ಸೆರಾಮಿಕ್ ಬಳೆಯನ್ನ ಫ್ರೇಮ್‌ಗೆ ಒತ್ತಿ ಕೂರಿಸಿರ್ತಾರೆ, ಅಂಟು ಹಾಕಿರೋದೂ ಉಂಟು, ಬಿಸಿಗೆ ಅದು ಸಡಿಲವಾಗಬಹುದು. ಅರಗೂ ಕರಗಿ ಗೈಡ್ ಹಾರುತ್ತೆ. ದೊಡ್ಡ 20ಕ್ಕೆ ಬೇಕಾದ್ರೆ ಗ್ರೈಂಡರ್ ಇಟ್ಟುಕೊಳ್ಳಿ, ಬೆರಳು ತಡೆಯದಷ್ಟು ಬಿಸಿಯಾಗೋ ಮುಂಚೆ ನೀರಲ್ಲಿ ಅದ್ದಿ. ಕಣ್ಣಿಗೆ ಕನ್ನಡಕ ಇಲ್ಲದೆ ಮಾತ್ರ ಬೇಡ.

ಫಿಸಿಕ್ಸ್ ಮೇಷ್ಟ್ರು
ಎಲ್ಲರೂ ಕಾಲಿನ ಹಿಂದೆ ಬಿದ್ದಿದ್ದೀರಿ. ನಾನು ತಲೆಯ ಬಗ್ಗೆ ಕೇಳುತ್ತೇನೆ. 4 ನಂಬರ್ ಯಾಕೆ?

ಲಾಭ ಇದೆ, ಇಲ್ಲ ಎನ್ನುವುದಿಲ್ಲ. ಹಿಡಿಕೆಯಿಂದ 1 ಅಡಿ ದೂರದಲ್ಲಿರುವ ಒಂದು ಗ್ರಾಂ ಮತ್ತು 6 ಅಡಿ ದೂರದಲ್ಲಿರುವ ಒಂದು ಗ್ರಾಂ ತಕ್ಕಡಿಯಲ್ಲಿ ಒಂದೇ. ಬೀಸುವಾಗ ಒಂದೇ ಅಲ್ಲ. ತಿರುಗುವ ವಸ್ತುವಿನ ಜಡತ್ವ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ತುದಿಯ ಗ್ರಾಂ 36 ಪಟ್ಟು ಕಾಡುತ್ತದೆ. ತುದಿ ಹಗುರವಾದರೆ ಬೀಸಿದ ಮೇಲೆ ಬ್ಲ್ಯಾಂಕ್ ಬೇಗ ನೆಟ್ಟಗಾಗುತ್ತದೆ, ನಡುಕ ಬೇಗ ನಿಲ್ಲುತ್ತದೆ, ಸಣ್ಣ ಮೀನು ಕಚ್ಚಿದ್ದೂ ಕೈಗೆ ಗೊತ್ತಾಗುತ್ತದೆ.

ಆದರೆ 4 ಎನ್ನುವುದು ರಿಂಗಿನ ಹೊರ ಅಳತೆ, ಮಿಲಿಮೀಟರ್‌ನಲ್ಲಿ. ಲೈನ್ ಹೋಗುವ ತೂತು ಅದಕ್ಕಿಂತ ಚಿಕ್ಕದು. ಬ್ರೇಡ್‌ಗೆ ಲೀಡರ್ (ಬ್ರೇಡ್‌ಗೂ ಸ್ಪಿನ್ನರ್‌ಗೂ ನಡುವಿನ ಬೇರೆ ಲೈನ್ ತುಂಡು) ಕಟ್ಟುತ್ತೀಯಲ್ಲ, ಆ ಗಂಟು ಹೋಗುತ್ತದೆಯೇ? ಡಬಲ್ ಯೂನಿ ಎಂಬ ಉಬ್ಬು ಗಂಟು ಹಾಕುವವನಾದರೆ ಪ್ರತಿ ಎಸೆತಕ್ಕೂ ಟಕ್ ಟಕ್ ಎಂದು ಕೇಳಿಸುತ್ತದೆ, ಒಂದು ದಿನ ಗಂಟು ಅಲ್ಲೇ ಸಿಕ್ಕಿ ಸ್ಪಿನ್ನರ್ ತಾನೊಂದೇ ಹಾರಿಹೋಗುತ್ತದೆ. ಎಫ್‌ಜಿ ಗಂಟು ಕಲಿ, ಅದು ಚಪ್ಪಟೆ. ಇಲ್ಲವೇ ಎಸೆಯುವಾಗ ಗಂಟು ಟಿಪ್ ಟಾಪ್‌ನ ಹೊರಗೇ ಉಳಿಯುವಷ್ಟು ಗಿಡ್ಡ ಲೀಡರ್ ಕಟ್ಟು. ಗೈಡ್ ಕೊಳ್ಳುವ ಮುಂಚೆ ನೀನು ದಿನಾ ಹಾಕುವ ಗಂಟನ್ನೇ ಕಟ್ಟಿ ರಿಂಗಿನಲ್ಲಿ ತೂರಿಸಿ ನೋಡಬೇಕು. ರಿಂಗಿನ ಅಳತೆ ತೀರ್ಮಾನಿಸಬೇಕಾದ್ದು ಗಂಟು, ಫ್ಯಾಷನ್ ಅಲ್ಲ.

ಅಂತರಗಂಗೆ
ಮೇಷ್ಟ್ರೇ, ಗಂಟು ಬಿಡಿ, ಪಾಚಿ! ಹಿನ್ನೀರಲ್ಲಿ ನೀರು ಇಳಿದಾಗ ಬ್ರೇಡ್ ತುಂಬ ಹಸಿರು ಎಳೆ ಸುತ್ತಿಕೊಂಡು ಬರುತ್ತೆ. ಸಣ್ಣ ರಿಂಗ್ ಇದ್ರೆ ಅದು ಟಿಪ್ ಟಾಪ್‌ನಲ್ಲೇ ಗೂಡು ಕಟ್ಟುತ್ತೆ. ಊರ ಕೆರೆಗಳಲ್ಲಿ ಕೊರವ ಹುಡುಕಿಕೊಂಡು ಸೊಪ್ಪಿನ ಮಧ್ಯೆ ಕಪ್ಪೆ ಆಮಿಷ ಎಸೆಯೋರಿಗೆ ಈ ಮೈಕ್ರೋ, ಅಂದ್ರೆ ಪುಟ್ಟ ಗೈಡ್‌ಗಳ ಸಹವಾಸವೇ ಬೇಡ. ಅಲ್ಲಿ ದಪ್ಪ ಬ್ರೇಡ್, ಗಟ್ಟಿ ರಾಡ್, ಎರಡು ಕಾಲಿನ ಗೈಡ್.

ಫಿಸಿಕ್ಸ್ ಮೇಷ್ಟ್ರು
ಒಪ್ಪಿದೆ. ಮಹಶೀರ್ ರಾಡ್‌ಗೂ ಇದು ಸಲ್ಲದು. ಹಾಗೆಂದು ಯಾರೂ ಮಹಶೀರ್ ಹಿಂದೆ ಹೊರಡಬೇಡಿ. ಕಾವೇರಿಯ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ಗಾಳ ಹಾಕುವ ಮಾತೇ ಇಲ್ಲ. ಉಳಿದ ಕೆರೆಗಳಲ್ಲಿ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿ ಕೂರಿ.

ಹಿನ್ನೀರ್ ಹೈದ
ಸರಿ ಸರ್. ಎಫ್‌ಜಿ ಗಂಟು ನಿಧಾನಕ್ಕೆ ಬರ್ತಾ ಇದೆ, 4ರಲ್ಲಿ ತೂರಿಸಿ ನೋಡಿದೆ, ಹೋಗುತ್ತೆ. ಪಾಚಿ ಕಾಲದಲ್ಲಿ ಹಳೇ ರಾಡ್ ಇದ್ದೇ ಇದೆ.

ದಾರದ ಬಗ್ಗೆ ಒಂದು ಮಾತು. ಮನೇಲಿ ಸೀರೆ ಕುಚ್ಚು ಹಾಕೋ ರೇಷ್ಮೆ ದಾರ ಡಬ್ಬಿಗಟ್ಟಲೆ ಇದೆ, ಬಣ್ಣ ಬಣ್ಣದ್ದು. ಅದನ್ನೇ ಸುತ್ತಿದ್ರೆ? ಮೈಸೂರು ಸೀಮೆ ರಾಡ್‌ಗೆ ರೇಷ್ಮೆ ಇದ್ರೆ ಒಂದು ಗತ್ತು ಅಲ್ವಾ?

ಕುಚ್ಚುದಾರ
ನಾನು ಸಾಮಾನ್ಯವಾಗಿ ಇಲ್ಲಿ ಓದುತ್ತೇನಷ್ಟೇ, ನಮ್ಮ ಯಜಮಾನರ ಐಡಿ ಇದು. ಕುಚ್ಚಿನ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಿಲ್ಕ್ ಥ್ರೆಡ್ ಎಂದು ಕೊಡುವ ಕುಚ್ಚಿನ ದಾರ ಹೆಚ್ಚಿನದು ರೇಷ್ಮೆಯೇ ಅಲ್ಲ, ರೇಯಾನ್. ಒಂದು ಎಳೆ ಸುಟ್ಟು ನೋಡಿ. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕರಿ ಉಂಡೆಯಾಗಿ ಪುಡಿಯಾಗುತ್ತದೆ. ರೇಯಾನ್ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ರೇಯಾನ್ ಒದ್ದೆಯಾದರೆ ಶಕ್ತಿ ಕಳೆದುಕೊಳ್ಳುತ್ತದೆ, ನೀರಿನ ಸಾಮಾನಿಗೆ ಅದು ಬೇಡವೇ ಬೇಡ. ಜೊತೆಗೆ ಕುಚ್ಚಿನ ದಾರಕ್ಕೆ ಹುರಿ ಕಡಿಮೆ, ಬಿಗಿಯಾಗಿ ಎಳೆದು ಸುತ್ತಿದರೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ.

ಹುರಿ ಹಾಕಿದ ಅಸಲಿ ರೇಷ್ಮೆ ಸಿಕ್ಕರೆ ಸುತ್ತಬಹುದು. ಯಜಮಾನರು ಒಂದು ರಾಡ್‌ಗೆ ಸುತ್ತಿದ್ದಾರೆ, ಸುತ್ತಿಕೊಟ್ಟವಳು ನಾನು. ಎಪಾಕ್ಸಿ ಕುಡಿದ ಮೇಲೆ ರೇಷ್ಮೆ ಪಾರದರ್ಶಕವಾಗುತ್ತದೆ. ಕಪ್ಪು ಬ್ಲ್ಯಾಂಕಿನ ಮೇಲೆ ಮಾವಿನ ಹಳದಿ ಸುತ್ತಿದರೆ ಕೊನೆಗೆ ಕಾಣುವುದು ಕಂದು. ಗುಲಗಂಜಿ ಕೆಂಪು ವೀಳ್ಯ ಜಗಿದ ಬಣ್ಣವಾಗುತ್ತದೆ. ಆ ಬಣ್ಣವೇ ಬೇಕೆಂದರೆ ಸರಿ.

ಕಬಿನಿ ಗಾಳ
ಅಕ್ಕ ಹೇಳಿದ್ದು ನೂರಕ್ಕೆ ನೂರು. ಮಾಮೂಲಿ ನೈಲಾನ್ ದಾರವೂ ಹೀಗೇ ಬಣ್ಣ ಕಳ್ಕೊಳ್ಳುತ್ತೆ. ಅದಕ್ಕೆ ಕೆಲವರು ಮೊದಲು ಕಲರ್ ಪ್ರಿಸರ್ವರ್ ಹಚ್ಚಿ ಆಮೇಲೆ ಎಪಾಕ್ಸಿ ಹಚ್ತಾರೆ. ಸಣ್ಣ ಗೈಡಿಗೆ ಅದನ್ನ ಹಚ್ಚಬೇಡ. ಅದು ದಾರದ ಎಳೆ ತುಂಬಿಕೊಂಡ್ರೆ ಎಪಾಕ್ಸಿ ಒಳಗೆ ಇಳಿದು ಕಾಲನ್ನ ಹಿಡಿಯಲ್ಲ. ಬಣ್ಣ ಬೇಕಂದ್ರೆ ಎನ್‌ಸಿಪಿ (ನೋ ಕಲರ್ ಪ್ರಿಸರ್ವರ್) ಅಂತ ಬರೋ ದಾರ ತಗೋ, ಅದಕ್ಕೆ ಪ್ರಿಸರ್ವರ್ ಬೇಡ. ದಾರದ ದಪ್ಪ ಎ ಸೈಜ್ ಸಾಕು. ಅದಕ್ಕಿಂತ ದಪ್ಪನೆಯ ಡಿ ಸೈಜ್ ದೊಡ್ಡ ರಾಡ್‌ಗೆ.

ಸುತ್ತೋದು ಕಾಲಿನ ತುದಿಗಿಂತ ಮೂರ್ನಾಲ್ಕು ಮಿಲಿಮೀಟರ್ ಆಚೆ ಬ್ಲ್ಯಾಂಕ್ ಮೇಲಿಂದ ಶುರು ಮಾಡು, ಇಳಿಜಾರು ಹತ್ತಿಸಿ ರಿಂಗಿನ ಬುಡದವರೆಗೂ ಬಾ. ಒಂಟಿ ಕಾಲಿನ ಗೈಡ್ ಎಳೆತಕ್ಕೆ ದಾರದ ಅಡಿಯಿಂದ ಜಾರಿ ಹೊರಗೆ ಬರೋ ಸಾಧ್ಯತೆ ಇರುತ್ತೆ, ಅದಕ್ಕೆ ಬುಡ ತಲುಪಿದ ಮೇಲೆ ದಾರವನ್ನ ರಿಂಗಿನ ಮುಂದಕ್ಕೆ ದಾಟಿಸಿ ಬ್ಲ್ಯಾಂಕ್ ಮೇಲೆ ನಾಲ್ಕೈದು ಬೀಗದ ಸುತ್ತು ಹಾಕು. ಬಿಗಿತ ಎಷ್ಟಿರಬೇಕು ಅಂದ್ರೆ, ಸುತ್ತಿದ ಮೇಲೂ ಹೆಬ್ಬೆರಳಲ್ಲಿ ಒತ್ತಿದ್ರೆ ಗೈಡ್ ಒಂಚೂರು ಪಕ್ಕಕ್ಕೆ ಸರಿಯಬೇಕು. ಹಾಗಿದ್ರೆ ಒಂದು ಕಣ್ಣು ಮುಚ್ಚಿ ರೀಲ್ ಕಡೆಯಿಂದ ನೋಡಿ ಸಾಲು ಸರಿ ಮಾಡ್ಕೊಬಹುದು.

ಅದಕ್ಕೂ ಮೊದಲು ಜಾಗ ಗೊತ್ತು ಮಾಡ್ಬೇಕು. ಸೈಕಲ್ ವಾಲ್ ಟ್ಯೂಬ್ ತಗೊಂಡು ಸಣ್ಣ ಸಣ್ಣ ಬಳೆ ಕತ್ತರಿಸಿ ಬ್ಲ್ಯಾಂಕಿಗೆ ಏರಿಸು, ಗೈಡಿನ ಕಾಲನ್ನ ಅದರಡಿ ಸಿಕ್ಕಿಸು. ಟೇಪ್‌ಗಿಂತ ಸಾವಿರ ಪಾಲು ವಾಸಿ, ಅಂಟಿನ ಕಲೆ ಉಳಿಯಲ್ಲ. ಎಲ್ಲಾ ಗೈಡ್ ಸಿಕ್ಕಿಸಿ, ಲೈನ್ ತೂರಿಸಿ, ತುದಿಗೆ ತೂಕ ಕಟ್ಟಿ ರಾಡ್ ಬಾಗಿಸು. ಲೈನ್ ಬ್ಲ್ಯಾಂಕಿನ ಬಾಗು ಹಿಡಿದೇ ಹೋಗ್ಬೇಕು. ಎರಡು ಗೈಡ್ ಮಧ್ಯೆ ಲೈನ್ ನೇರ ಗೆರೆ ಎಳೆದ ಹಾಗೆ ಬಾಗಿನಿಂದ ದೂರ ಸರಿದ್ರೆ ಅವನ್ನ ಹತ್ತಿರ ತರು. ಆರು ಸಾಲದಿದ್ರೆ ಏಳನೇದು ಹಾಕು. ಪುಸ್ತಕದ ಅಳತೆ ಪಟ್ಟಿ ನಿನ್ನ ಬ್ಲ್ಯಾಂಕ್ ನೋಡಿ ಬರೆದಿದ್ದಲ್ಲ.

ಪೇಟೆಬೀದಿ
ಹತ್ತಿ ಹಾಕಿ ಎಳೆದು ನೋಡಿದೆ. ನನ್ನ ಹತ್ರ ಇದ್ದ ಹೊಸ ಕವರ್‌ನಲ್ಲಿ ಎರಡು ಸಿಕ್ಕಿಕೊಳ್ತು. ಎರಡೇ. ಎಲ್ಲಕ್ಕೂ ಅರ ಹಾಕಿ ಅನ್ನೋದನ್ನ ಈಗಲೂ ಒಪ್ಪಲ್ಲ.

ಕಬಿನಿ ಗಾಳ
ಎಲ್ಲಕ್ಕೂ ಅಂತ ಯಾರು ಹೇಳಿದ್ರು ಮಾರಾಯ, ಒಂದೊಂದನ್ನೂ ನೋಡು ಅಂದೆ.

ಅಂತರಗಂಗೆ
ಎಪಾಕ್ಸಿ ಬಗ್ಗೆ ಯಾರೂ ಹೇಳ್ಲಿಲ್ಲ. ಮೈಕ್ರೋ ಗೈಡ್‌ನಲ್ಲಿ ನಿಜವಾದ ತಲೆನೋವು ಅದೇ. ಜಾಸ್ತಿ ಹಚ್ಚಿದ್ರೆ ಮೇಷ್ಟ್ರು ಲೆಕ್ಕ ಹಾಕಿ ಉಳಿಸಿದ ಗ್ರಾಂ ಎಲ್ಲಾ ವಾಪಸ್ ಬಂತು. ಮೇಲಾಗಿ ರಿಂಗಿನ ತೂತಿಗೂ ನುಗ್ಗುತ್ತೆ.

ಲೈಟ್ ಬಿಲ್ಡ್ (ತೆಳುವಾಗಿ ಕೂರೋ) ಎಪಾಕ್ಸಿ, ತೆಳ್ಳಗೆ ಒಂದು ಕೋಟು. ಎರಡು ಭಾಗವನ್ನೂ ಬೇರೆ ಬೇರೆ ಸಿರಿಂಜಲ್ಲಿ ಸಮ ಸಮ ಅಳಿ, ಚಮಚದ ಅಂದಾಜು ನಡೆಯಲ್ಲ. ಅಳತೆ ತಪ್ಪಿದ್ರೆ ತಿಂಗಳಾದ್ರೂ ಅಂಟಂಟು. ನಿಧಾನಕ್ಕೆ ಕಲಸಿ ಅಲ್ಯೂಮಿನಿಯಂ ಹಾಳೆ ಮೇಲೆ ಹರಡು, ಗುಳ್ಳೆ ತಾನಾಗೇ ಒಡೆಯುತ್ತೆ, ಬೇಗ ಗಟ್ಟಿಯೂ ಆಗಲ್ಲ. ಹಚ್ಚಿದ ಕೂಡಲೇ ಪ್ರತಿ ರಿಂಗನ್ನೂ ಬೆಳಕಿಗೆ ಹಿಡಿದು ನೋಡು, ಒಳಗೆ ಪೊರೆ ಕಟ್ಟಿದ್ರೆ ಹಲ್ಲುಕಡ್ಡಿಯಲ್ಲಿ ಆಗಲೇ ತೆಗಿ. ಒಣಗಿದ ಮೇಲೆ ಕೆರೆಯೋಕೆ ಹೋದ್ರೆ ಸೆರಾಮಿಕ್ ಸೀಳುತ್ತೆ.

ಮಳೆ ಹಿಡಿದ ದಿನ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಮೇಲೆ ಮಬ್ಬು ಪೊರೆ ಬರುತ್ತೆ. ಗಟ್ಟಿಯಾಗೋವರೆಗೂ ರಾಡ್ ತಿರುಗ್ತಾನೇ ಇರಬೇಕು, ಇಲ್ಲದಿದ್ರೆ ಎಲ್ಲಾ ಒಂದೇ ಕಡೆ ಇಳಿದು ತೊಟ್ಟಾಗುತ್ತೆ. ಮೈಕ್ರೋವೇವ್ ಒಲೆಯಲ್ಲಿ ತಟ್ಟೆ ತಿರುಗಿಸೋ ಪುಟ್ಟ ಮೋಟಾರು ರಿಪೇರಿ ಅಂಗಡಿಯಲ್ಲಿ ಸಿಗುತ್ತೆ, ಅದು ಸಾಕು. ಕರೆಂಟ್ ಹೋದ್ರೆ? ನಮ್ಮೂರಲ್ಲಿ ಹೋಗೇ ಹೋಗುತ್ತೆ. ಯುಪಿಎಸ್‌ಗೆ ಹಾಕು, ಇಲ್ಲ ಅಂದ್ರೆ ಪಕ್ಕದಲ್ಲಿ ಕೂತು ಐದೈದು ನಿಮಿಷಕ್ಕೆ ಕೈಯಲ್ಲಿ ಅರ್ಧ ಸುತ್ತು ತಿರುಗಿಸು.

ಫಿಸಿಕ್ಸ್ ಮೇಷ್ಟ್ರು
ಟಿಪ್ ಟಾಪ್‌ಗೆ ಮಾತ್ರ ಎಪಾಕ್ಸಿ ಹಾಕಬೇಡಿ. ಬಿಸಿಗೆ ಕರಗುವ ಅಂಟು ಕಡ್ಡಿ ಸಾಕು, ಮುಂದೆ ರಿಂಗ್ ಸೀಳಿದರೆ ಕಾಯಿಸಿ ಬಿಚ್ಚಬಹುದು. ಕೊಳ್ಳುವಾಗ ಅಳತೆ ನೋಡಿ. ಅಮೆರಿಕದ ಲೆಕ್ಕದಲ್ಲಿ ಅದರ ಕೊಳವೆಯನ್ನು ಇಂಚಿನ 64ನೇ ಭಾಗಗಳಲ್ಲಿ ಹೇಳುತ್ತಾರೆ. 4.5 ಎಂದಿದ್ದರೆ ಸುಮಾರು 1.8 ಮಿ.ಮೀ. ಜಪಾನಿನದಾದರೆ ನೇರ ಮಿಲಿಮೀಟರ್. ಬ್ಲ್ಯಾಂಕ್ ತುದಿಗೆ ವರ್ನಿಯರ್ ಹಿಡಿದು ದಪ್ಪ ಅಳೆದುಕೊಂಡು ಹೋಗು. ತುದಿ ದಪ್ಪವೆಂದು ಬ್ಲ್ಯಾಂಕನ್ನು ಉಜ್ಜಿ ತೂರಿಸಬಾರದು.

ಹಿನ್ನೀರ್ ಹೈದ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತಿ ಪರೀಕ್ಷೆ ಮಾಡಿದೆ, ನಾಲ್ಕು ಗೈಡ್ ಸಿಕ್ಕಿಕೊಳ್ತಿವೆ, ಒಂದು ಗಾಜಿನ ಮೇಲೆ ಅಲ್ಲಾಡುತ್ತೆ. ಅರಗು ಅಣ್ಣ, ಆ ಬಾಗಿದ್ದನ್ನ ಇಕ್ಕಳದಲ್ಲಿ ನೆಟ್ಟಗೆ ಮಾಡಬಹುದಾ? ಆಮೇಲೆ ಅರಗು ರಿಂಗಿನ ಒಳಗೂ ತುಂಬಿಕೊಂಡಿದೆ, ಕಡ್ಡಿ ಹಾಕಿ ತೆಗೀಲಾ?

ಅರಗು ಮತ್ತು ಅರ
ಕಡ್ಡಿ ಹಾಕಬೇಡಿ. ಮುಚ್ಚಳ ಇರೋ ಗಾಜಿನ ಶೀಸೆಯಲ್ಲಿ ಸ್ಪಿರಿಟ್ ಹಾಕಿ ರಾತ್ರಿ ನೆನೆಯೋಕೆ ಬಿಡಿ, ಬೆಳಿಗ್ಗೆ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ. ಶೀಸೆ ಹತ್ತಿರ ದೀಪ ಬೇಡ.

ಬಾಗಿದ್ದಕ್ಕೆ ಹಲ್ಲಿರೋ ಇಕ್ಕಳ ಬೇಡ, ಕಚ್ಚಿದ ಗುರುತು ಉಳಿಯುತ್ತೆ. ನಯವಾದ ಬಾಯಿಯ ಇಕ್ಕಳಕ್ಕೆ ತೊಗಲು ಸುತ್ತಿ, ಕಾಲನ್ನ ಪೂರ್ತಿ ಉದ್ದಕ್ಕೆ ಹಿಡಿದು ಒಂದೇ ಸಲ ಒತ್ತಿ. ಆ ಕಡೆ ಈ ಕಡೆ ಎರಡು ಮೂರು ಸಲ ಬಗ್ಗಿಸಿದ್ರೆ ಬುಡದಲ್ಲಿ ಬಿರುಕು ಬಿಡುತ್ತೆ. ಒಂದೇ ಒತ್ತಿಗೆ ಸರಿಹೋಗದಿದ್ರೆ ಆ ಗೈಡ್ ಬಿಟ್ಟು ಬೇರೆ ಹಾಕಿ.